ಪಾಟಿ ಮರೆಯುತ್ತದೆ, ಪರದೆ ಮರೆಯುವುದಿಲ್ಲ



ಸೇಡಂ, ಚಿತ್ತಾಪುರ, ಚಿಂಚೋಳಿಯ ಹಳ್ಳಿಗಳಲ್ಲಿ ನಮ್ಮ ಹಿರಿಯರು ಅಕ್ಷರ ಕಲಿತದ್ದು ಪಾಟಿಯ ಮೇಲೆ. ಬಳಪದಿಂದ ಬರೆದರು, ತಪ್ಪಾದಾಗ ಒದ್ದೆ ಬಟ್ಟೆಯಿಂದ ಒರೆಸಿದರು, ಮತ್ತೆ ಬರೆದರು. ಸಂಜೆ ಪಾಟಿಚೀಲ ಹೆಗಲಿಗೇರಿಸಿ ಮನೆಗೆ ಹೊರಟಾಗ ಆ ದಿನದ ತಪ್ಪುಗಳಲ್ಲಿ ಒಂದೂ ಪಾಟಿಯ ಮೇಲೆ ಉಳಿದಿರುತ್ತಿರಲಿಲ್ಲ. ಸರಿಯಾಗಿ ಬರೆದದ್ದೂ ಉಳಿದಿರುತ್ತಿರಲಿಲ್ಲವೆನ್ನುವುದೂ ನಿಜವೇ. ಪಾಟಿಗೆ ನೆನಪಿನ ಶಕ್ತಿಯಿಲ್ಲ. ಅದು ಅದರ ಕೊರತೆಯೂ ಹೌದು, ಕಲಿಯುವ ಮಗುವಿನ ಪಾಲಿಗೆ ಕರುಣೆಯೂ ಹೌದು.

ಪಾಟಿಯ ನಂತರ ನೋಟುಬುಕ್ಕು ಬಂತು. ಅದು ಒಂದು ವರ್ಷ ಎಲ್ಲವನ್ನೂ ನೆನಪಿಟ್ಟುಕೊಂಡು, ಬೇಸಿಗೆಯ ರಜೆಯಲ್ಲಿ ರದ್ದಿಯವನ ತಕ್ಕಡಿಯನ್ನು ಸೇರುತ್ತಿತ್ತು. ಈಗ ಮೊಬೈಲ್ ಬಂದಿದೆ. ಮಗು ಬರೆದ ಪ್ರಬಂಧದ ಚಿತ್ರ, ಪದ್ಯ ಓದಿದ ಧ್ವನಿ, ವಿಜ್ಞಾನದ ಮಾದರಿಯ ಮುಂದೆ ನಿಂತು ವಿವರಿಸಿದ ವಿಡಿಯೊ, ಇವೆಲ್ಲ ಶಾಲೆಯ ವಾಟ್ಸ್‌ಆ್ಯಪ್ ಗುಂಪಿಗೆ ಬರುತ್ತವೆ. ಅಲ್ಲಿಂದ ಬಂಧುಬಳಗದ ಗುಂಪುಗಳಿಗೆ ಹೋಗುತ್ತವೆ. ಇವನ್ನೇ ವ್ಯವಸ್ಥಿತವಾಗಿ, ದಿನಾಂಕದೊಂದಿಗೆ, ಪ್ರತಿ ಮಗುವಿಗೊಂದು ಕಡತದಂತೆ ಗಣಕಯಂತ್ರದಲ್ಲಿ ಜೋಡಿಸಿಟ್ಟರೆ ಅದಕ್ಕೆ ಡಿಜಿಟಲ್ ಪೋರ್ಟ್‌ಫೋಲಿಯೊ ಎಂದು ಹೆಸರು. ನಮ್ಮ ಶಿಕ್ಷಕರು ಬಳಸುವ ಮಾತಿನಲ್ಲಿ ಹೇಳುವುದಾದರೆ, ಇದು ಡಿಜಿಟಲ್ ಕೃತಿ ಸಂಪುಟ.

ಮೇಲ್ನೋಟಕ್ಕೆ ಇದು ಶಾಲೆಯವರಿಗೂ ತಂತ್ರಜ್ಞರಿಗೂ ಬಿಟ್ಟ ವಿಷಯವೆಂದು ತೋರಬಹುದು. ಆದರೆ ಇದರ ಒಳಗೆ ನೈತಿಕ ಪ್ರಶ್ನೆಯೊಂದು ಅಡಗಿದೆ. ಮಗುವಿನ ಕಲಿಕೆಯನ್ನು ಅದರ ತಪ್ಪುಗಳ ಸಮೇತ ಅಳಿಯದಂತೆ ಕೂಡಿಡುವುದು ಸರಿಯೇ? ತಪ್ಪುಗಳನ್ನು ತೆಗೆದುಹಾಕಿ ಚೆಂದವಾದುದನ್ನು ಮಾತ್ರ ಇಟ್ಟರೆ ಅದು ಸತ್ಯವೇ? ಅದನ್ನು ನಾಲ್ಕು ಜನರಿಗೆ ತೋರಿಸುವ ಹಕ್ಕು ಯಾರದು? ಈ ಪ್ರಶ್ನೆಗಳಿಗೆ ತಂತ್ರಜ್ಞರಲ್ಲಿ ಉತ್ತರವಿಲ್ಲ. ಮಕ್ಕಳನ್ನು ಶಾಲೆಗೆ ಕಳುಹಿಸುವ ನೀವೇ ಇವನ್ನು ಯೋಚಿಸಬೇಕಾಗಿದೆ.

ಕೃತಿ ಸಂಪುಟ ಹೊಸದಲ್ಲ

ಕರ್ನಾಟಕದ ಶಾಲೆಗಳಿಗೆ ಈ ವಿಚಾರ ಹೊಸತೇನೂ ಅಲ್ಲ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಯುನಿಸೆಫ್ ನೆರವಿನಿಂದ ಆರಂಭವಾಗಿ, ಮುಂದೆ ರಾಜ್ಯದ ಸರ್ಕಾರಿ ಶಾಲೆಗಳಿಗೆಲ್ಲ ಹಬ್ಬಿದ ನಲಿ-ಕಲಿ ಪದ್ಧತಿಯನ್ನು ನೀವು ಬಲ್ಲಿರಿ. ಮಕ್ಕಳು ಬರೆದುದನ್ನೂ ಚಿತ್ರಿಸಿದುದನ್ನೂ ತರಗತಿಯೊಳಗೆ ದಾರಕ್ಕೆ ತೂಗುಹಾಕುವ ಕಲಿಕಾ ಚಪ್ಪರ, ಪ್ರತಿಯೊಂದು ಮಗು ಯಾವ ಮೆಟ್ಟಿಲವರೆಗೆ ಏರಿದೆ ಎಂದು ಗುರುತಿಸುವ ಪ್ರಗತಿ ನೋಟ, ಇವೆಲ್ಲ ಆ ಪದ್ಧತಿಯ ಅಂಗಗಳು. 2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯಿದೆಯು ನಿರಂತರ ಮತ್ತು ವ್ಯಾಪಕ ಮೌಲ್ಯಮಾಪನವನ್ನು ಕೇಳಿತು. ಅದೇ ಕಾಯಿದೆಯ 29ನೆಯ ಕಲಮು, ಮಗುವನ್ನು ಭಯ ಮತ್ತು ಆತಂಕಗಳಿಂದ ಮುಕ್ತಗೊಳಿಸಬೇಕು, ಅದು ತನ್ನ ಅನಿಸಿಕೆಯನ್ನು ಸ್ವತಂತ್ರವಾಗಿ ಹೇಳಲು ನೆರವಾಗಬೇಕು ಎಂದೂ ವಿಧಿಸಿತು. ಹೀಗೆ ಮಕ್ಕಳ ಬರಹಗಳನ್ನು ಕಡತದಲ್ಲಿ ಕೂಡಿಡುವ ಕೃತಿ ಸಂಪುಟವು ಶಿಕ್ಷಕರ ನಿತ್ಯದ ಕೆಲಸಗಳಲ್ಲಿ ಒಂದಾಯಿತು.

ಇದರ ಮೂಲ ಆಶಯ ಸರಳವಾದುದು. ಪರೀಕ್ಷೆಯು ಮಗುವನ್ನು ಪಕ್ಕದ ಮಗುವಿನೊಂದಿಗೆ ಹೋಲಿಸುತ್ತದೆ. ಕೃತಿ ಸಂಪುಟವು ಮಗುವನ್ನು ನಿನ್ನೆಯ ಅದೇ ಮಗುವಿನೊಂದಿಗೆ ಹೋಲಿಸುತ್ತದೆ. ಜೂನ್ ತಿಂಗಳಲ್ಲಿ ಮೂರು ಸಾಲು ಬರೆಯಲು ತಿಣುಕಿದವಳು ಫೆಬ್ರುವರಿಯಲ್ಲಿ ಒಂದು ಪುಟ ಬರೆದಿದ್ದರೆ, ಆ ಎರಡು ಹಾಳೆಗಳನ್ನು ಅಕ್ಕಪಕ್ಕದಲ್ಲಿಟ್ಟಾಗ ಕಾಣುವ ಸಂಗತಿಯನ್ನು ಯಾವ ಅಂಕಪಟ್ಟಿಯೂ ಹೇಳಲಾರದು.

ನಮ್ಮ ಭಾಗಕ್ಕೆ ಇದು ಏಕೆ ಬೇಕು?

2025ರ ಎಸ್ಸೆಸ್ಸೆಲ್ಸಿ ಫಲಿತಾಂಶವನ್ನು ನೆನಪಿಸಿಕೊಳ್ಳಿ. ಮೊದಲ ಸ್ಥಾನದಲ್ಲಿದ್ದ ದಕ್ಷಿಣ ಕನ್ನಡದಲ್ಲಿ ಉತ್ತೀರ್ಣರಾದವರು ಶೇಕಡ 91.12. ಕೊನೆಯ ಸ್ಥಾನದಲ್ಲಿದ್ದ ನಮ್ಮ ಕಲಬುರಗಿ ಜಿಲ್ಲೆಯಲ್ಲಿ ಶೇಕಡ 42.43. ಅಂದರೆ ಪರೀಕ್ಷೆಗೆ ಕುಳಿತ ನೂರು ಮಕ್ಕಳಲ್ಲಿ ಐವತ್ತೇಳು ಮಕ್ಕಳ ಕೈಗೆ ಮೊದಲ ಯತ್ನದಲ್ಲಿ ಸಿಕ್ಕದ್ದು ಅನುತ್ತೀರ್ಣ ಎಂಬ ಒಂದು ಶಬ್ದ. ಹತ್ತು ವರ್ಷ ಶಾಲೆಗೆ ನಡೆದ ಆ ಮಗು ಏನನ್ನೂ ಕಲಿಯಲಿಲ್ಲವೇ? ಕಲಿತಿತ್ತು. ಆದರೆ ಕಲಿತದ್ದಕ್ಕೆ ಸಾಕ್ಷಿಯಾಗಿ ಅದರ ಕೈಯಲ್ಲಿ ಏನೂ ಉಳಿದಿರಲಿಲ್ಲ. ಪಾಟಿ ಒರೆಸಿಹೋಗಿತ್ತು, ನೋಟುಬುಕ್ಕು ರದ್ದಿಗೆ ಹೋಗಿತ್ತು.

ಇನ್ನೊಂದು ಕಾರಣವೂ ಇದೆ. ಚಿಂಚೋಳಿಯ ತಾಂಡಾಗಳಿಂದಲೂ ಸೇಡಂ, ಚಿತ್ತಾಪುರದ ಒಣಭೂಮಿಯ ಹಳ್ಳಿಗಳಿಂದಲೂ ದುಡಿಮೆಗಾಗಿ ಮುಂಬಯಿ, ಪುಣೆ, ಹೈದರಾಬಾದುಗಳಿಗೆ ಗುಳೆ ಹೋಗುವ ಕುಟುಂಬಗಳನ್ನು ನೀವು ನೋಡಿದ್ದೀರಿ. ತಂದೆತಾಯಿಯರ ಜೊತೆ ಮಗುವೂ ಹೊರಡುತ್ತದೆ. ನಾಲ್ಕೈದು ತಿಂಗಳ ನಂತರ ಮರಳಿದಾಗ, ಅಥವಾ ಬೇರೆ ಊರಿನ ಶಾಲೆಗೆ ಸೇರಿದಾಗ, ಆ ಮಗುವಿಗೆ ಏನು ಬರುತ್ತದೆ, ಎಲ್ಲಿಗೆ ನಿಂತಿತ್ತು ಎಂಬುದನ್ನು ಹೇಳುವವರಿರುವುದಿಲ್ಲ. ದಾಖಲೆಯಲ್ಲಿ ಹೆಸರು, ತರಗತಿ, ಹಾಜರಾತಿ ಇರುತ್ತವೆ. ಮಗುವಿನ ಬರಹ ಇರುವುದಿಲ್ಲ. ಕಾಗದದ ಕಡತ ಹಳೆಯ ಶಾಲೆಯ ಕಪಾಟಿನಲ್ಲಿ ಉಳಿದುಬಿಡುತ್ತದೆ. ಡಿಜಿಟಲ್ ಸಂಪುಟವಾದರೋ ಮಗುವಿನ ಹಿಂದೆಯೇ ಹೋಗಬಲ್ಲದು.

ಓದುಬರಹ ಬಾರದ ತಾಯಿಯೊಬ್ಬಳಿಗೂ ಇದು ಪ್ರಯೋಜನಕ್ಕೆ ಬರುತ್ತದೆ. ಅಂಕಪಟ್ಟಿಯನ್ನು ಅವಳು ಓದಲಾರಳು. ಆದರೆ ಮಗ ಕಳೆದ ವರ್ಷ ತಡವರಿಸಿ ಓದಿದ ಪಾಠದ ಧ್ವನಿಯನ್ನೂ ಈ ವರ್ಷ ನಿರರ್ಗಳವಾಗಿ ಓದಿದ ಧ್ವನಿಯನ್ನೂ ಕೇಳಿಸಿದರೆ, ವ್ಯತ್ಯಾಸವನ್ನು ಅವಳಿಗೆ ಯಾರೂ ವಿವರಿಸಬೇಕಾಗಿಲ್ಲ. ಆದ್ದರಿಂದ ಮೊಬೈಲಿನಿಂದ ಮಕ್ಕಳು ಕೆಡುತ್ತಾರೆಂಬ ಒಂದೇ ಮಾತಿನಿಂದ ಇದನ್ನು ತಳ್ಳಿಹಾಕುವುದು ನ್ಯಾಯವಾಗಲಾರದು.

ದಾಖಲೆ ಬೇರೆ, ಪ್ರದರ್ಶನ ಬೇರೆ

ಹಾಗಾದರೆ ತೊಡಕು ಎಲ್ಲಿದೆ? ಕೂಡಿಡುವುದು ತೋರಿಸುವುದಾಗಿ ಮಾರ್ಪಡುವ ಹೊತ್ತಿನಲ್ಲಿ ಇದೆ.

ನೋಡುವವನ ಕೈಯಲ್ಲಿ ಅಂಕವೋ ಅಧಿಕಾರವೋ ಹೊಗಳಿಕೆಯೋ ಇದ್ದರೆ, ತೋರಿಸುವವನು ಕನ್ನಡಿಯ ಮುಂದೆ ನಿಂತವನಂತಾಗುತ್ತಾನೆ. ಸಿಬಿಎಸ್‌ಇ ಮಂಡಳಿಯು 2019-20ರಿಂದ 9 ಮತ್ತು 10ನೆಯ ತರಗತಿಗಳ 20 ಆಂತರಿಕ ಅಂಕಗಳಲ್ಲಿ 5 ಅಂಕಗಳನ್ನು ಕೃತಿ ಸಂಪುಟಕ್ಕೆ ಮೀಸಲಿಟ್ಟಿತು. ಉದ್ದೇಶ ಒಳ್ಳೆಯದೇ. ಆದರೆ ಅಂಕವೆಂಬುದು ಬಂದ ಮೇಲೆ ಮನೆಗಳಲ್ಲಿ ಏನು ನಡೆಯುತ್ತದೆ ಎಂಬುದನ್ನು ನಿಮ್ಮ ಮನಸ್ಸಿಗೇ ಕೇಳಿಕೊಳ್ಳಿ. ಬಣ್ಣದ ಹಾಳೆ, ಅಂಗಡಿಯಲ್ಲಿ ಮುದ್ರಿಸಿ ತಂದ ಚಿತ್ರ, ಅಕ್ಕನ ಕೈಬರಹ, ಅಂತರ್ಜಾಲದಿಂದ ಇಳಿಸಿಕೊಂಡ ವಾಕ್ಯಗಳು ಸೇರಿಕೊಳ್ಳುತ್ತವೆ. ಈಗಂತೂ ಕೇಳಿದ ಕ್ಷಣದಲ್ಲೇ ಅಚ್ಚುಕಟ್ಟಾದ ಪ್ರಬಂಧವನ್ನು ಬರೆದುಕೊಡುವ ಯಂತ್ರಗಳು ಎಲ್ಲರ ಕಿಸೆಯಲ್ಲಿವೆ. ಸಂಪುಟವು ತುಂಬಿ ತುಳುಕುತ್ತದೆ. ಅದರೊಳಗೆ ಮಗು ಮಾತ್ರ ಇರುವುದಿಲ್ಲ.

ಒಂದು ಉದಾಹರಣೆಯನ್ನು ಊಹಿಸಿಕೊಳ್ಳಿ. ವಾಡಿಯ ಹುಡುಗಿಯೊಬ್ಬಳು ತನ್ನ ಮನೆಯ ಬಗ್ಗೆ ಬರೆಯುತ್ತ, ‘ನಮ್ಮವ್ವ ಹೊಲಕ್ಕ ಹೋಗ್ಯಾಳ’ ಎಂದು ಬರೆದಳು. ಅದನ್ನು ಎಲ್ಲರಿಗೂ ಕಳುಹಿಸಬೇಕಾಗಿದೆ ಎಂದಾಗ ಹಿರಿಯರೊಬ್ಬರು ತಿದ್ದಿ, ‘ನನ್ನ ತಾಯಿಯವರು ಹೊಲಕ್ಕೆ ತೆರಳಿದ್ದಾರೆ’ ಎಂದು ಮಾಡಿದರು. ವ್ಯಾಕರಣ ಸರಿಯಾಯಿತು. ಆದರೆ ಆ ಹುಡುಗಿ ಅಂದು ಕಲಿತದ್ದೇನು? ತನ್ನ ಅವ್ವನ ಮಾತು ನಾಲ್ಕು ಜನರ ಮುಂದೆ ಇಡತಕ್ಕದ್ದಲ್ಲ ಎಂಬ ಪಾಠವನ್ನು ಕಲಿತಳು. ತೆಲುಗು, ದಖನಿ ಉರ್ದು, ಲಂಬಾಣಿ, ಮರಾಠಿಗಳು ಮನೆಮಾತಾಗಿರುವ ಈ ಗಡಿಭಾಗದಲ್ಲಿ, ಶಾಲೆಯ ಕನ್ನಡಕ್ಕೆ ಬರುವ ಮೊದಲು ಎಷ್ಟೋ ಮಕ್ಕಳು ಎರಡು ಭಾಷೆಗಳ ಹೊಳೆ ದಾಟಿ ಬರುತ್ತಾರೆ. ದಾಟುವಾಗ ನೆನೆದ ಬಟ್ಟೆಗೆ ಅವರು ನಾಚಬೇಕಾಗಿಲ್ಲ.

ಗ್ರಾಂಥಿಕ ಕನ್ನಡವನ್ನು ಕಲಿಸುವುದೇ ಬೇಡವೆಂಬುದು ಇದರ ಅರ್ಥವಲ್ಲ. ಕಲಿಸಲೇಬೇಕು. ಆದರೆ ಎರಡೂ ವಾಕ್ಯಗಳು ಸಂಪುಟದಲ್ಲಿ ಅಕ್ಕಪಕ್ಕದಲ್ಲಿ ಉಳಿಯಲಿ. ತಿದ್ದಿದ್ದನ್ನು ಮಾತ್ರ ಉಳಿಸಿ, ಮೊದಲನೆಯದನ್ನು ಬಚ್ಚಿಟ್ಟರೆ ಅದು ಕಲಿಕೆಯ ದಾಖಲೆಯಾಗದೆ ಹಿರಿಯರ ಜಾಣತನದ ಜಾಹೀರಾತಾಗುತ್ತದೆ.

ಈ ನೆಲದ ಎರಡು ಸಾಕ್ಷಿಗಳು

ತಪ್ಪನ್ನೂ ತಿದ್ದುಪಡಿಯನ್ನೂ ಜೊತೆಯಾಗಿ ಇಡುವುದು ಪಾಶ್ಚಾತ್ಯರು ತಂದ ಹೊಸ ಪದ್ಧತಿಯೆಂದು ಭಾವಿಸಬೇಡಿ. ಸೇಡಂ ತಾಲ್ಲೂಕಿನ ಕಾಗಿಣಾ ತೀರದ ಮಳಖೇಡವು ಒಂದು ಕಾಲಕ್ಕೆ ರಾಷ್ಟ್ರಕೂಟರ ರಾಜಧಾನಿಯಾದ ಮಾನ್ಯಖೇಟವಾಗಿತ್ತು. ಅಲ್ಲಿಯ ಅರಸ ನೃಪತುಂಗನ ಆಸ್ಥಾನದಲ್ಲಿ, 9ನೆಯ ಶತಮಾನದಲ್ಲಿ ರಚಿತವಾದ ಕವಿರಾಜಮಾರ್ಗವು ಕನ್ನಡದಲ್ಲಿ ನಮಗೆ ದೊರೆತಿರುವ ಮೊದಲ ಗ್ರಂಥ. ಅದರ ಮೊದಲ ಪರಿಚ್ಛೇದದ ವಿಷಯವೇ ದೋಷಗಳ ನಿರ್ಣಯ. ಬರವಣಿಗೆಯಲ್ಲಿ ಯಾವುದು ದೋಷ, ಅದನ್ನು ಹೇಗೆ ತಿದ್ದಬೇಕು ಎಂಬುದನ್ನು ಗ್ರಂಥಕಾರನು ಉದಾಹರಣೆಗಳೊಂದಿಗೆ ತೋರಿಸಿಕೊಡುತ್ತಾನೆ. ಕನ್ನಡದಲ್ಲಿ ನಾಡಿಗೊಂದು ಬಗೆಯಿದೆ ಎಂಬುದನ್ನೂ, ಓದದ ಜನರಲ್ಲೂ ಕಾವ್ಯದ ಜಾಣ್ಮೆಯಿದೆ ಎಂಬುದನ್ನೂ ಅವನು ಮರೆಯಲಿಲ್ಲ. ದೋಷವನ್ನು ಮುಚ್ಚಿಡದೆ ಎದುರಿಗಿಟ್ಟುಕೊಂಡು ಕಲಿತ ಪರಂಪರೆ ಈ ನೆಲದ್ದೇ.

ಇನ್ನೊಂದು ಸಾಕ್ಷಿ ಚಿತ್ತಾಪುರ ತಾಲ್ಲೂಕಿನ ಭೀಮಾತೀರದ ಸನ್ನತಿಯಲ್ಲಿದೆ. ಅಲ್ಲಿಯ ಚಂದ್ರಲಾಂಬಾ ದೇವಾಲಯದ ಆವರಣದಲ್ಲಿ 1980ರ ದಶಕದಲ್ಲಿ, ವಿಗ್ರಹದ ಪೀಠವಾಗಿ ಬಳಕೆಯಾಗಿದ್ದ ಕಲ್ಲಿನ ಮೇಲೆ ಅಶೋಕನ ಶಾಸನಗಳು ಪತ್ತೆಯಾದವು. ಅವುಗಳಲ್ಲಿ 14ನೆಯ ಶಾಸನದ ಭಾಗವೂ ಇದೆ. ಆ ಶಾಸನದ ಪೂರ್ಣಪಾಠ ದೇಶದ ಬೇರೆ ಕಡೆ ದೊರೆತಿದೆ. ಅದರಲ್ಲಿ ಚಕ್ರವರ್ತಿಯು ತನ್ನ ಬರಹಗಳಲ್ಲಿ ಕೆಲವು ಅಪೂರ್ಣವಾಗಿರಬಹುದು, ಲಿಪಿಕಾರನ ತಪ್ಪಿನಿಂದಲೂ ಹಾಗಾಗಿರಬಹುದು ಎಂದು ಒಪ್ಪಿಕೊಳ್ಳುತ್ತಾನೆ. ಕಲ್ಲಿನ ಮೇಲೆ ಕೊರೆಸಿದ ರಾಜಾಜ್ಞೆಯೇ ತನ್ನಲ್ಲಿ ತಪ್ಪಿರಬಹುದೆಂದು ಹೇಳಿಕೊಳ್ಳಬಹುದಾದರೆ, ಐದನೆಯ ತರಗತಿಯ ಮಗುವಿನ ಪ್ರಬಂಧ ಮಾತ್ರ ಏಕೆ ತಪ್ಪಿಲ್ಲದಂತೆ ಹೊಳೆಯಬೇಕು?

ಸತ್ಯದ ಜೊತೆಗೆ ಕರುಣೆ

ಇಲ್ಲಿಗೆ ವಾದ ಮುಗಿಯುವುದಿಲ್ಲ. ತಪ್ಪುಗಳನ್ನೂ ಉಳಿಸಬೇಕು ಎಂದರೆ ಮತ್ತೊಂದು ಅಪಾಯ ಎದುರಾಗುತ್ತದೆ. ಚಕ್ರವರ್ತಿಯು ತನ್ನ ತಪ್ಪನ್ನು ತಾನೇ ಹೇಳಿಕೊಂಡನು. ಮಗುವಿನ ತಪ್ಪನ್ನು ಬೇರೆಯವರು ಎತ್ತಿ ತೋರಿಸುತ್ತಾರೆ. ಮೂರನೆಯ ತರಗತಿಯಲ್ಲಿ ಬರೆದ ತಪ್ಪು ಕಾಗುಣಿತವನ್ನು ಯಾರೋ ನಗೆಯ ವಸ್ತುವಾಗಿ ಹಂಚಿಕೊಂಡರೆ, ಅದು ಹತ್ತು ವರ್ಷದ ನಂತರವೂ ಎಲ್ಲಿಂದಲೋ ಎದ್ದುಬರಬಹುದು. ಪಾಟಿಯಲ್ಲಿದ್ದ ಕರುಣೆ ಪರದೆಗೆ ಸ್ವಭಾವತಃ ಇಲ್ಲ. ಆ ಕರುಣೆಯನ್ನು ಮನುಷ್ಯರೇ ಒದಗಿಸಬೇಕು.

ಮಕ್ಕಳು ಏನನ್ನು ಬರೆಯುತ್ತಾರೆ ಎಂಬುದನ್ನೂ ಯೋಚಿಸಿ. ‘ನನ್ನ ಕುಟುಂಬ’ ಎಂಬ ಪ್ರಬಂಧದಲ್ಲಿ ಮಗುವು ಅಪ್ಪನ ಕುಡಿತವನ್ನು ಬರೆದೀತು, ತೊಗರಿ ಬೆಳೆ ಕೈಕೊಟ್ಟ ವರ್ಷದ ಸಾಲವನ್ನು ಬರೆದೀತು, ಗಣಿಯ ಧೂಳಿನಿಂದ ಕೆಮ್ಮುವ ಅಜ್ಜನನ್ನು ಬರೆದೀತು. ಶಿಕ್ಷಕಿಯ ಮೇಲಿನ ವಿಶ್ವಾಸದಿಂದ ಅದು ಬರೆದಿರುತ್ತದೆ. ಚೆನ್ನಾಗಿದೆ ಎಂಬ ಕಾರಣಕ್ಕೇ ಆ ಹಾಳೆ ಇನ್ನೂರು ಜನರ ಗುಂಪಿಗೆ ಹೋದರೆ, ಹೊಗಳಿಕೆಯ ಜೊತೆಗೆ ಮಗುವಿನ ಮನೆಯ ಬಾಗಿಲೂ ತೆರೆದಂತಾಗುತ್ತದೆ. ಆ ಮಗು ಮುಂದೆ ನಿಜವನ್ನು ಬರೆಯಲು ಹಿಂಜರಿಯುತ್ತದೆ.

ಕಾನೂನು ಈ ಕಡೆ ಸ್ವಲ್ಪ ನಡೆದಿದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯು 18 ವರ್ಷ ತುಂಬದವರನ್ನು ಮಕ್ಕಳೆಂದು ಪರಿಗಣಿಸಿ, ಅವರ ಮಾಹಿತಿಯನ್ನು ಬಳಸುವ ಮುನ್ನ ತಂದೆತಾಯಿ ಅಥವಾ ಪೋಷಕರ ಒಪ್ಪಿಗೆಯನ್ನು ಕೇಳುತ್ತದೆ. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಹೊರಬಂದವು. ಅವು ಹಂತ ಹಂತವಾಗಿ ಜಾರಿಗೆ ಬರುವಂಥವು, ಶಾಲೆಗಳಿಗೆ ಕೆಲವು ವಿನಾಯಿತಿಗಳೂ ಇವೆ. ಆದರೆ ಕಾನೂನು ಕೇಳುವುದು ನಿಮ್ಮ ಸಹಿಯನ್ನು. ಮಗುವಿನ ಮನಸ್ಸನ್ನು ಕೇಳಬೇಕಾದವರು ನೀವೇ. ಸಹಿ ಹಾಕುವ ಅಧಿಕಾರ ನಿಮಗಿದೆ ಎಂದಮಾತ್ರಕ್ಕೆ ಬರಹ ನಿಮ್ಮದಾಗುವುದಿಲ್ಲ. ಅದು ಬರೆದವರದು, ಬರೆದವರ ವಯಸ್ಸು ಎಂಟೇ ಆಗಿರಲಿ.

‘ಹಾಗಾದರೆ ಮಕ್ಕಳ ಪ್ರತಿಭೆಯನ್ನು ಯಾರಿಗೂ ತೋರಿಸಬಾರದೇ? ಮಂಗಳೂರು, ಬೆಂಗಳೂರಿನ ಮಕ್ಕಳು ಮಿಂಚುತ್ತಿರುವಾಗ ನಮ್ಮ ಮಕ್ಕಳು ಮೂಲೆಯಲ್ಲೇ ಉಳಿಯಬೇಕೇ?’ ಎಂದು ನೀವು ಕೇಳಬಹುದು. ಈ ಆಕ್ಷೇಪಣೆಯಲ್ಲಿ ಹುರುಳಿದೆ. ಹಿಂದುಳಿದವರೆಂಬ ಹಣೆಪಟ್ಟಿ ಹೊತ್ತ ಜಿಲ್ಲೆಯ ಮಗುವಿಗೆ, ತನ್ನ ಬರಹವನ್ನು ಒಬ್ಬರು ಓದಿ ಮೆಚ್ಚಿದರು ಎಂಬ ಸಂತೋಷ ಸಣ್ಣದಲ್ಲ. ಶಾಲೆಯ ಗೋಡೆಪತ್ರಿಕೆಯೂ ಕೈಬರಹದ ಪತ್ರಿಕೆಯೂ ಎಷ್ಟೋ ಲೇಖಕರಿಗೆ ಮೊದಲ ವೇದಿಕೆಯಾಗಿವೆ. ಆದರೆ ಗೋಡೆಪತ್ರಿಕೆಗೆ ಮಗುವು ತಾನಾಗಿ ಆರಿಸಿಕೊಟ್ಟದ್ದು ಒಂದು ಬರಹವನ್ನು. ತನ್ನ ನೋಟುಬುಕ್ಕುಗಳನ್ನೆಲ್ಲ ಅಲ್ಲ. ಶಹಾಬಾದಿನ ಕಲ್ಲನ್ನು ನೀವು ಬಲ್ಲಿರಿ. ಗಣಿಯಲ್ಲಿ ಅದು ಪದರು ಪದರಾಗಿ ಇರುತ್ತದೆ. ಎಬ್ಬಿಸಿ ನಯಗೊಳಿಸಿ ಮನೆಯಂಗಳಕ್ಕೆ ಹಾಸುವುದು ಆರಿಸಿದ ಹಲ್ಲೆಯನ್ನು. ಉಳಿದ ಪದರುಗಳು ಸುಳ್ಳೆಂದಲ್ಲ, ಅವು ಅಂಗಳಕ್ಕೆ ಬರಬೇಕಾಗಿಲ್ಲ, ಅಷ್ಟೇ. ಪೂರ್ತಿ ಸಂಪುಟವು ಮಗು, ಶಿಕ್ಷಕ, ಪೋಷಕ ಈ ಮೂವರ ನಡುವೆ ಇರಲಿ. ಹೊರಗೆ ತೋರಿಸುವುದು ಮಗುವು ಆರಿಸಿದ ಒಂದೆರಡು ಬರಹಗಳಾಗಲಿ. ಆರಿಸುವ ಕೆಲಸವೂ ಒಂದು ಕಲಿಕೆಯೇ. ‘ಇದು ನನಗೆ ಏಕೆ ಇಷ್ಟ, ಇದರಲ್ಲಿ ಇನ್ನೇನು ಮಾಡಬಹುದಿತ್ತು’ ಎಂದು ಹೇಳಬಲ್ಲ ಮಗು ತನ್ನನ್ನು ತಾನೇ ಅಳೆಯುವುದನ್ನು ಕಲಿತಿರುತ್ತದೆ.

ಅಂಕವಿಲ್ಲದಿದ್ದರೆ ಇದನ್ನು ಯಾರೂ ಮಾಡುವುದಿಲ್ಲ ಎಂಬ ಮಾತೂ ಕೇಳಿಬರುತ್ತದೆ. ಕೆಲವರು ಮಾಡದೆ ಇರಬಹುದು, ಒಪ್ಪೋಣ. ಆದರೆ ಅಂಕಕ್ಕಾಗಿ ತುಂಬಿದ ನೂರು ಸುಳ್ಳು ಕಡತಗಳಿಗಿಂತ ಮನಸ್ಸಿನಿಂದ ಇಟ್ಟ ಹತ್ತು ನಿಜವಾದ ಕಡತಗಳು ಮಕ್ಕಳಿಗೆ ಹೆಚ್ಚಿನ ಉಪಕಾರ ಮಾಡುತ್ತವೆ. ಹಲವು ತರಗತಿಗಳನ್ನು ಒಬ್ಬರೇ ನಡೆಸುವ ಶಿಕ್ಷಕರಿಗೆ ದಿನಕ್ಕೆ ಇಪ್ಪತ್ತು ಚಿತ್ರ ತೆಗೆದು ಕಳುಹಿಸುವ ಹೊರೆಯನ್ನು ಹೊರಿಸುವುದೂ ಧರ್ಮವಲ್ಲ. ಚಿತ್ರ ತೆಗೆಯುವ ಹೊತ್ತು ಮಗುವಿನ ಪಕ್ಕದಲ್ಲಿ ಕೂರುವ ಹೊತ್ತನ್ನು ನುಂಗಬಾರದು. ವರ್ಷಕ್ಕೆ ಐದಾರು ಬರಹಗಳು, ಒಂದೆರಡು ಧ್ವನಿಮುದ್ರಣಗಳು ಸಾಕು.

ನೀವು ಮಾಡಬಹುದಾದದ್ದು

ನಿಮ್ಮ ಮಗುವಿನ ಶಾಲೆಯಲ್ಲಿ ಇಂಥ ಸಂಪುಟವಿದ್ದರೆ ಕೆಲವು ಪ್ರಶ್ನೆಗಳನ್ನು ವಿನಯದಿಂದ ಕೇಳಿ. ಇದನ್ನು ಯಾರು ಯಾರು ನೋಡಬಲ್ಲರು? ಮಗು ಶಾಲೆ ಬಿಟ್ಟ ಮೇಲೆ ಇದು ಯಾರ ಬಳಿ ಇರುತ್ತದೆ? ಅದರ ಒಂದು ಪ್ರತಿಯನ್ನು ನಮ್ಮ ಕೈಗೆ ಕೊಟ್ಟು ಉಳಿದುದನ್ನು ಅಳಿಸುವಿರಾ? ಮೊಬೈಲ್ ಇಲ್ಲದ ಮನೆಯ ಮಗುವಿನ ಸಂಪುಟವನ್ನು ಶಾಲೆಯೇ ಇಡುತ್ತದೆಯೇ? ಕೊನೆಯ ಪ್ರಶ್ನೆಯನ್ನು ಮರೆಯಬೇಡಿ. ಸಾಧನವಿದ್ದವರ ಮಕ್ಕಳು ಮಾತ್ರ ಕಾಣಿಸಿಕೊಂಡರೆ, ಮೊದಲೇ ಕಾಣದಿದ್ದ ಮಗು ಇನ್ನಷ್ಟು ಮರೆಯಾಗುತ್ತದೆ.

ಶಾಲೆಯಲ್ಲಿ ಇಲ್ಲದಿದ್ದರೆ ಮನೆಯಲ್ಲೇ ಆರಂಭಿಸಬಹುದು. ಈ ಬೇಸಿಗೆಯಲ್ಲಿ ನೋಟುಬುಕ್ಕುಗಳನ್ನು ರದ್ದಿಗೆ ಹಾಕುವ ಮೊದಲು ಮಗುವನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಅದಕ್ಕೆ ಇಷ್ಟವಾದ ಎರಡು ಪುಟ, ಕಷ್ಟವಾದ ಎರಡು ಪುಟಗಳನ್ನು ಅದೇ ಆರಿಸಲಿ. ಮೊಬೈಲಿನಲ್ಲಿ ಚಿತ್ರ ತೆಗೆದು ದಿನಾಂಕ ಬರೆದು ಬೇರೆಯಾಗಿ ಇಡಿ. ಕೆಂಪು ಶಾಯಿಯ ಗುರುತುಗಳನ್ನು ಮುಚ್ಚಬೇಡಿ. ಯಾರಿಗಾದರೂ ಕಳುಹಿಸಬೇಕೆನಿಸಿದರೆ, ‘ಇದನ್ನ ನಿಮ್ಮ ಕಾಕಾಗ ಕಳಸಲೇನು?’ ಎಂದು ಮಗುವನ್ನು ಕೇಳಿ. ಬೇಡವೆಂದರೆ ಅಲ್ಲಿಗೆ ನಿಲ್ಲಿಸಿ. ಆ ಒಂದು ‘ಬೇಡ’ಕ್ಕೆ ನೀವು ಕೊಡುವ ಮರ್ಯಾದೆಯಿಂದ ಮಗುವು ತನ್ನ ಮಾತಿಗೆ ಬೆಲೆಯಿದೆ ಎಂಬುದನ್ನು ಕಲಿಯುತ್ತದೆ. ಮುಂದಿನ ವರ್ಷ ಇದೇ ಸಮಯಕ್ಕೆ ಹೊಸ ಪುಟಗಳನ್ನು ಸೇರಿಸಿ, ಹಳೆಯದರ ಪಕ್ಕದಲ್ಲಿಟ್ಟು ಇಬ್ಬರೂ ನೋಡಿ. ಏನು ಬೆಳೆದಿದೆ ಎಂಬುದನ್ನು ಮೊದಲು ಮಗುವೇ ಹೇಳಲಿ. ನೀವು ಆಮೇಲೆ ಮಾತನಾಡಿ.